ಪಿಜಿ ರೂಮಿನಲ್ಲಿ ಹಬ್ಬದ ಸಿಹಿ: ಏನು ಬದಲಾಯಿಸಬಹುದು, ಏನು ಮುಟ್ಟಬಾರದು?

ಗಣೇಶ ಹಬ್ಬದಿಂದ ದೀಪಾವಳಿವರೆಗೆ ನಮ್ಮ ಕಾಲೇಜಿನ ಕ್ಯಾಲೆಂಡರ್ ತೆಗೆದು ನೋಡಿ. ಹಬ್ಬ ಇರೋ ವಾರದಲ್ಲೇ ಇಂಟರ್ನಲ್ಸ್ ಇರತ್ತೆ, ಇಲ್ಲಾಂದ್ರೆ ಲ್ಯಾಬ್ ರೆಕಾರ್ಡ್ ಸಬ್ಮಿಷನ್. ಊರಿಗೆ ಹೋಗೋಕಾಗಲ್ಲ. ಬಿಟಿಎಂ, ಜೆಪಿ ನಗರ, ಬನಶಂಕರಿಯ ಪಿಜಿಗಳಲ್ಲಿ ಇರೋ ಎಷ್ಟೋ ಜನಕ್ಕೆ ಹಬ್ಬ ಅಂದ್ರೆ ಮನೆಯವರು ವಾಟ್ಸಾಪಲ್ಲಿ ಕಳಿಸಿದ ಫೋಟೋ, ಜೊತೆಗೆ ಅಂಗಡಿಯಿಂದ ತಂದ ಕಾಲು ಕೆಜಿ ಸ್ವೀಟ್ ಬಾಕ್ಸ್. ಈ ಲೇಖನ ಮುಖ್ಯವಾಗಿ ಅವರಿಗೆ. ಒಂದು ಇಂಡಕ್ಷನ್ ಒಲೆ, ಒಂದು ದಪ್ಪ ತಳದ ಪಾತ್ರೆ, ಅಳತೆಗೆ ಒಂದು ಸ್ಟೀಲ್ ಲೋಟ ಇದ್ದರೆ ಮನೆಯ ಸಿಹಿಯನ್ನೇ ಸ್ವಲ್ಪ ಹೊಸ ರೀತಿಯಲ್ಲಿ ಮಾಡಿಕೊಳ್ಳಬಹುದು.

ಹೊಸ ರೀತಿ ಅಂದ ತಕ್ಷಣ ರೀಲ್ಸ್‌ನಲ್ಲಿ ಬರೋ ಗುಲಾಬ್ ಜಾಮೂನ್ ಚೀಸ್‌ಕೇಕ್ ನೆನಪಾಗಬಹುದು. ಅಷ್ಟು ದೂರ ಹೋಗೋದು ಬೇಡ. ನಮ್ಮ ಕಡೆ ಇಂಥ ಬದಲಾವಣೆ ಮೊದಲಿಂದಲೂ ನಡೀತಾನೇ ಇದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೇ ಇದ್ದಾಗ ಎಂಟಿಆರ್‌ನವರು ರವೆಯಲ್ಲಿ ಇಡ್ಲಿ ಮಾಡಿ ನೋಡಿದರು, ಅದೇ ಈಗಿನ ರವೆ ಇಡ್ಲಿ. ಅಯ್ಯಂಗಾರ್ ಬೇಕರಿಯ ದಿಲ್‌ಪಸಂದ್ ತಗೊಳ್ಳಿ. ಒಳಗೆ ಸಿಹಿ ಕೊಬ್ಬರಿ, ಟೂಟಿ ಫ್ರೂಟಿ, ಹೊರಗೆ ಬೇಕರಿ ಪದರ. ಕಾಯಿ ಹೋಳಿಗೆಗೆ ದೂರದ ನೆಂಟನ ಥರಾನೇ ಇದೆ. ದರ್ಶಿನಿಯ ಪೈನಾಪಲ್ ಕೇಸರಿಬಾತ್ ಕೂಡ ಯಾರೋ ಒಬ್ಬರು ಮೊದಲ ಸಲ ಧೈರ್ಯ ಮಾಡಿ ಹಣ್ಣು ಹಾಕಿದ್ದರಿಂದಲೇ ಬಂದಿರಬೇಕು.

ಇವೆಲ್ಲದರಲ್ಲೂ ಒಂದು ನಿಯಮ ಇದೆ. ಪ್ರತಿ ಸಿಹಿಯನ್ನೂ ಯಾವುದೋ ಒಂದು ವಸ್ತು ಹಿಡಿದು ನಿಲ್ಲಿಸಿರತ್ತೆ. ಬರ್ಫಿಯಲ್ಲಿ ಅದು ಸಕ್ಕರೆ ಪಾಕ, ಕೇಸರಿಬಾತಲ್ಲಿ ರವೆಯ ಪಿಷ್ಟ, ಶ್ರೀಖಂಡದಲ್ಲಿ ಮೊಸರಿನ ಪ್ರೊಟೀನ್. ಸಿವಿಲ್‌ನವರಿಗೆ ಹೇಳೋದಾದ್ರೆ ಅದು ಪಿಲ್ಲರ್. ಬಣ್ಣ, ಪರಿಮಳ, ಹಣ್ಣು, ಆಕಾರ ಇವೆಲ್ಲ ಪೇಂಟು. ಪೇಂಟ್ ಎಷ್ಟು ಸಲ ಬೇಕಾದರೂ ಬದಲಾಯಿಸಿ. ಪಿಲ್ಲರ್ ಮುಟ್ಟೋ ಮುಂಚೆ ಅದು ಏನು ಕೆಲಸ ಮಾಡ್ತಿದೆ ಅಂತ ಗೊತ್ತಿರಬೇಕು.

ಪಾಕ: ಬೆಂಗಳೂರಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ

ಮೈಸೂರ್ ಪಾಕನ್ನು ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರು ಮೊದಲು ಮಾಡಿದರು ಅಂತ ಹೇಳ್ತಾರೆ. ಹೆಸರನ್ನೇ ನೋಡಿ. ಅದರಲ್ಲಿ ಕಡಲೆಹಿಟ್ಟೂ ಇಲ್ಲ, ತುಪ್ಪವೂ ಇಲ್ಲ. ಇರೋದು ಪಾಕ ಮಾತ್ರ. ಪಿಲ್ಲರ್ ಯಾವುದು ಅಂತ ಹೆಸರೇ ಹೇಳತ್ತೆ.

ಸಕ್ಕರೆ ನೀರು ಕುದಿಯುತ್ತಾ ಹೋದ ಹಾಗೆ ನೀರು ಕಮ್ಮಿಯಾಗಿ ಸಕ್ಕರೆಯ ಸಾಂದ್ರತೆ ಏರುತ್ತೆ, ಜೊತೆಗೆ ಕುದಿಯುವ ಉಷ್ಣತೆಯೂ ಏರುತ್ತೆ. ಸಮುದ್ರ ಮಟ್ಟದಲ್ಲಿ ಸುಮಾರು 105 ಡಿಗ್ರಿ ಸೆಲ್ಸಿಯಸ್‌ಗೆ ಒಂದೆಳೆ ಪಾಕ, 115ರ ಹತ್ತಿರ ಉಂಡೆ ಪಾಕ. ಆದರೆ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಕಮ್ಮಿ ಇರೋದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಪಾಕದ ಲೆಕ್ಕವೂ ಹಾಗೇ ಮೂರು ಡಿಗ್ರಿ ಕೆಳಗೆ ಬರುತ್ತೆ. ಚೆನ್ನೈನವರ ವಿಡಿಯೋ ನೋಡ್ಕೊಂಡು ಥರ್ಮಾಮೀಟರ್ ಹಿಡಿದು 105 ಬರೋವರೆಗೂ ಜಯನಗರದಲ್ಲಿ ಕಾದರೆ ಪಾಕ ಆಗಲೇ ಗಟ್ಟಿಯ ಕಡೆಗೆ ಹೋಗಿರತ್ತೆ.

ಅಜ್ಜಿಯರಿಗೆ ಈ ತೊಂದರೆ ಇಲ್ಲ. ಒಂದು ಹನಿ ಪಾಕವನ್ನು ಸ್ವಲ್ಪ ಆರಿಸಿ, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಎಳೀತಾರೆ. ಒಂದು ಎಳೆ ಬಂದ್ರೆ ಒಂದೆಳೆ ಪಾಕ. ನೀರಿನ ಬಟ್ಟಲಿಗೆ ಹನಿ ಬಿಟ್ಟಾಗ ಮೆತ್ತಗೆ ಉಂಡೆ ಕಟ್ಟಿದರೆ ಉಂಡೆ ಪಾಕ. ಚಿಕ್ಕಿಗೆ ಇನ್ನೂ ಗಟ್ಟಿ ಬೇಕು, ನೀರಲ್ಲಿ ಆರಿದ ಬೆಲ್ಲದ ತುಂಡು ಬಟ್ಟಲಿಗೆ ಬಿದ್ದರೆ ಟಣ್ ಅನ್ನಬೇಕು. ಈ ಪರೀಕ್ಷೆ ಅಳೆಯೋದು ಉಷ್ಣತೆಯನ್ನಲ್ಲ, ಸಾಂದ್ರತೆಯನ್ನೇ. ಹಾಗಾಗಿ ಮಂಗಳೂರಲ್ಲೂ ಮಡಿಕೇರಿಯಲ್ಲೂ ಒಂದೇ ಉತ್ತರ ಕೊಡತ್ತೆ.

ಹೊಸಬರಿಗೆ ಏಳು ಕಪ್ ಬರ್ಫಿ ಒಳ್ಳೇದು. ಯಾಕಂದ್ರೆ ಪಾಕ ಬೇರೆ ಮಾಡೋ ಕೆಲಸ ಇಲ್ಲ, ಪಾತ್ರೆಯ ಒಳಗೇ ಆಗತ್ತೆ. ಕಡಲೆಹಿಟ್ಟು, ತೆಂಗಿನತುರಿ, ಹಾಲು, ತುಪ್ಪ ಒಂದೊಂದು ಕಪ್, ಸಕ್ಕರೆ ಮೂರು ಕಪ್, ಒಟ್ಟು ಏಳು. ಕಪ್ ಅಂದ್ರೆ ಚಿಕ್ಕ ಕಾಫಿ ಲೋಟ ಸಾಕು, ಒಂದು ರೂಮಿಗಾಗುವಷ್ಟು ಬರತ್ತೆ. ಕಡಲೆಹಿಟ್ಟನ್ನು ಹಸಿ ವಾಸನೆ ಹೋಗೋ ತನಕ ಹುರಿದು, ಎಲ್ಲವನ್ನೂ ಸೇರಿಸಿ, ಸಣ್ಣ ಉರಿಯಲ್ಲಿ ಕೈ ಬಿಡದೆ ಕಲಕಿ. ಮಿಶ್ರಣ ನೊರೆನೊರೆಯಾಗಿ ಪಾತ್ರೆಯ ಅಂಚು ಬಿಟ್ಟಾಗ ತುಪ್ಪ ಸವರಿದ ತಟ್ಟೆಗೆ ಸುರಿದು, ಬೆಚ್ಚಗಿರುವಾಗಲೇ ಗೆರೆ ಹಾಕಿ.

ನಮ್ಮ ಬದಲಾವಣೆ: ಕಡಲೆಹಿಟ್ಟಿನ ಅರ್ಧ ಭಾಗಕ್ಕೆ ಹುರಿದು ಸಿಪ್ಪೆ ತೆಗೆದು ಪುಡಿ ಮಾಡಿದ ಕಡಲೇಕಾಯಿ ಬೀಜ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೇಕಾಯಿ ಪರಿಷೆ ಆಗತ್ತಲ್ಲ, ಅಲ್ಲಿಂದ ತಂದ ಚೀಲದಲ್ಲಿ ಉಳಿದಿದ್ದಕ್ಕೆ ಇದಕ್ಕಿಂತ ಒಳ್ಳೆ ಗತಿ ಇಲ್ಲ. ಬೀಜದಲ್ಲೇ ಎಣ್ಣೆ ಇರೋದರಿಂದ ತುಪ್ಪವನ್ನು ಮುಕ್ಕಾಲು ಕಪ್‌ಗೆ ಇಳಿಸಬಹುದು.

ಪಿಷ್ಟ: ಕಾಫಿ ಕೇಸರಿಬಾತ್ ಮತ್ತು ಲೋಟದ ಹಾಲುಬಾಯಿ

ಕೇಸರಿಬಾತಲ್ಲಿ ಸಕ್ಕರೆಯನ್ನು ಯಾಕೆ ಕೊನೆಗೆ ಹಾಕ್ತಾರೆ? ರವೆಯ ಪಿಷ್ಟ ನೀರು ಹೀರಿ ಉಬ್ಬಬೇಕು. ಸಕ್ಕರೆಗೂ ಅದೇ ನೀರು ಬೇಕು. ಮೊದಲೇ ಸಕ್ಕರೆ ಹಾಕಿದರೆ ಅದು ನೀರು ಹಿಡಿದುಕೊಂಡು ರವೆ ಗಟ್ಟಿಗಟ್ಟಿಯಾಗೇ ಉಳಿಯತ್ತೆ. ಆದ್ದರಿಂದ ರವೆ ಪೂರ್ತಿ ಬೆಂದ ಮೇಲೇ ಸಕ್ಕರೆ. ಈ ಕ್ರಮ ಪಿಲ್ಲರ್.

ನೀರಿಗೆ ಏನು ಸೇರಿಸ್ತೀರಿ ಅನ್ನೋದು ಪೇಂಟು. ಒಂದು ಲೋಟ ಉಪ್ಪಿಟ್ಟು ರವೆಯನ್ನು ತುಪ್ಪದಲ್ಲಿ ಘಮ್ಮೆನ್ನುವವರೆಗೆ ಹುರಿಯಿರಿ. ಎರಡೂವರೆ ಲೋಟ ಕುದಿಯುವ ನೀರು, ಅರ್ಧ ಲೋಟ ಗಟ್ಟಿ ಫಿಲ್ಟರ್ ಕಾಫಿ ಡಿಕಾಕ್ಷನ್ ಹಾಕಿ, ಮುಚ್ಚಿ ಬೇಯಿಸಿ. ಆಮೇಲೆ ಒಂದು ಲೋಟ ಸಕ್ಕರೆ, ಮೇಲೆ ಇನ್ನಷ್ಟು ತುಪ್ಪ, ಗೋಡಂಬಿ. ಕೇಸರಿ ಬಣ್ಣ ಹಾಕಬೇಡಿ, ಕಾಫಿ ಬಣ್ಣವೇ ಚೆನ್ನಾಗಿದೆ. ಕಹಿ ಸ್ವಲ್ಪ ಇರೋದರಿಂದ ಎರಡನೇ ಸಲ ಬಡಿಸಿಕೊಂಡರೂ ಮುಖ ಕಟ್ಟಲ್ಲ.

ರವೆಯ ಅಳತೆ ಮರೆತುಹೋಗತ್ತೆ ಅನ್ನೋರಿಗೆ ಸತ್ಯನಾರಾಯಣ ಪೂಜೆಯ ಸಪಾದ ನೆನಪಿರಲಿ. ಸಪಾದ ಅಂದ್ರೆ ಕಾಲು ಭಾಗ ಸೇರಿದ್ದು, ಅಂದರೆ ಒಂದೂಕಾಲು. ರವೆ, ತುಪ್ಪ, ಸಕ್ಕರೆ, ಹಾಲು, ಬಾಳೆಹಣ್ಣು ಎಲ್ಲವೂ ಒಂದೂಕಾಲು ಅಳತೆ. ರೆಸಿಪಿಯನ್ನೇ ಹೆಸರು ಮಾಡಿಬಿಟ್ಟಿದ್ದಾರೆ.

ಇನ್ನೊಂದು ಪಿಷ್ಟದ ಸಿಹಿ ರಾಗಿ ಹಾಲುಬಾಯಿ. ಒಂದು ಲೋಟ ರಾಗಿಯನ್ನು ರಾತ್ರಿ ನೆನೆಸಿ, ಅರ್ಧ ಲೋಟ ತೆಂಗಿನತುರಿ ಜೊತೆ ರುಬ್ಬಿ, ಎರಡು ಮೂರು ಸಲ ನೀರು ಹಾಕಿ ಹಿಂಡಿ ಸೋಸಿ, ಒಟ್ಟು ನಾಲ್ಕು ಲೋಟ ಹಾಲು ತೆಗೆಯಿರಿ. ಒಂದು ಲೋಟ ಬೆಲ್ಲ, ಏಲಕ್ಕಿ, ಚಿಟಿಕೆ ಉಪ್ಪು ಹಾಕಿ ಕಲಕುತ್ತಾ ಕಾಯಿಸಿ. ಮನೆಯಲ್ಲಿ ಅದು ತಳ ಬಿಡೋವರೆಗೆ ಕಾಯಿಸಿ ತಟ್ಟೆಗೆ ಸುರಿದು ಕತ್ತರಿಸ್ತಾರೆ. ನಾವು ಸ್ವಲ್ಪ ಮುಂಚೆ, ಸೌಟಿನ ಬೆನ್ನಿಗೆ ದಪ್ಪಗೆ ಅಂಟಿಕೊಳ್ಳುವಾಗಲೇ ಇಳಿಸಿ ಸಣ್ಣ ಲೋಟಗಳಿಗೆ ಸುರಿದು ಫ್ರಿಜ್ಜಲ್ಲಿ ಇಡ್ತೀವಿ. ಮೇಲೆ ಮಾವಿನಹಣ್ಣೋ ಬಾಳೆಹಣ್ಣೋ. ಕೆಫೆಯಲ್ಲಿ ದುಡ್ಡು ಕೊಟ್ಟು ತಿನ್ನೋ ಪುಡ್ಡಿಂಗ್‌ಗಿಂತ ಏನೂ ಕಮ್ಮಿ ಇಲ್ಲ, ಮೇಲಾಗಿ ರಾಗಿಯ ಕ್ಯಾಲ್ಸಿಯಂ ಬೋನಸ್.

ಒಲೆ ಇಲ್ಲದವರಿಗೆ

ರೂಮಲ್ಲಿ ಒಲೆ ಇಡೋಕೆ ಬಿಡದ ಪಿಜಿಗಳೇ ಜಾಸ್ತಿ. ಅಂಥವರಿಗೆ ಬಾಳೆಹಣ್ಣಿನ ರಸಾಯನ ಇದೆ: ಹೆಚ್ಚಿದ ಹಣ್ಣು, ಬೆಲ್ಲದ ಪುಡಿ, ತೆಂಗಿನಹಾಲು, ಏಲಕ್ಕಿ, ಅಷ್ಟೇ. ಫ್ರಿಜ್ ಇದ್ದರೆ ಶ್ರೀಖಂಡ. ಗಟ್ಟಿ ಮೊಸರನ್ನು ತೊಳೆದ ತೆಳು ಹತ್ತಿ ಬಟ್ಟೆಯಲ್ಲಿ ಕಟ್ಟಿ, ಫ್ರಿಜ್ಜಲ್ಲಿ ಜರಡಿಯ ಮೇಲೆ ಐದಾರು ಗಂಟೆ ಇಟ್ಟು ನೀರಿಳಿಸಿ. ಉಳಿದ ಗಟ್ಟಿಗೆ ಸಕ್ಕರೆ ಪುಡಿ ಕಲಸಿ.

ಇಲ್ಲಿ ಒಂದು ಎಚ್ಚರಿಕೆ. ಹಸಿ ಅನಾನಸ್ ಹಾಕಬೇಡಿ. ಅದರಲ್ಲಿರುವ ಬ್ರೊಮೆಲೈನ್ ಅನ್ನೋ ಕಿಣ್ವ ಹಾಲು ಮೊಸರಿನ ಪ್ರೊಟೀನನ್ನು ಕತ್ತರಿಸತ್ತೆ, ಸ್ವಲ್ಪ ಹೊತ್ತಿಗೇ ಕಹಿಯಾಗತ್ತೆ. ಅಂದ್ರೆ ಪೇಂಟೇ ಪಿಲ್ಲರನ್ನು ತಿನ್ನೋ ಕೇಸು. ಹಣ್ಣನ್ನು ಸಕ್ಕರೆ ಜೊತೆ ಬೇಯಿಸಿ ಆರಿಸಿದರೆ ಕಿಣ್ವ ನಾಶವಾಗತ್ತೆ, ಆಗ ಧಾರಾಳವಾಗಿ ಹಾಕಿ. ಒಲೆ ಇಲ್ಲದಿದ್ದರೆ ಡಬ್ಬಿಯ ಅನಾನಸ್ ನಡೆಯತ್ತೆ, ಅದನ್ನು ಆಗಲೇ ಬಿಸಿ ಮಾಡಿರ್ತಾರೆ.

ಸಕ್ಕರೆ ಕಮ್ಮಿ ಮಾಡಬಹುದಾ?

ಮಾಡಬಹುದು, ಆದರೆ ಸಿಹಿ ನೋಡಿ. ರಸಾಯನ, ಶ್ರೀಖಂಡದಲ್ಲಿ ಸಕ್ಕರೆ ರುಚಿಗೆ ಮಾತ್ರ, ಅರ್ಧ ಮಾಡಿದರೂ ತೊಂದರೆ ಇಲ್ಲ. ಬರ್ಫಿಯಲ್ಲಿ ಸಕ್ಕರೆಯೇ ಪಿಲ್ಲರ್. ಮೂರು ಕಪ್‌ನಿಂದ ಎರಡೂವರೆಗೆ ಇಳಿಸಬಹುದು, ಇನ್ನೂ ಇಳಿಸಿದರೆ ಸರಿಯಾಗಿ ಕಟ್ಟಲ್ಲ, ಹಲ್ವದ ಥರ ಆಗತ್ತೆ. ಜೊತೆಗೆ ಸಕ್ಕರೆ ನೀರನ್ನು ಹಿಡಿದಿಟ್ಟುಕೊಳ್ಳೋದರಿಂದ ಬ್ಯಾಕ್ಟೀರಿಯಾ, ಬೂಸ್ಟಿಗೆ ಬೆಳೆಯೋಕೆ ನೀರು ಸಿಗಲ್ಲ. ಸಕ್ಕರೆ ಕಮ್ಮಿಯಾದಷ್ಟೂ ಬೇಗ ಕೆಡತ್ತೆ. ಹಾಲು, ಹಸಿ ತೆಂಗಿನಕಾಯಿ ಹಾಕಿ ಮಾಡಿದ್ದನ್ನು ಹೊರಗಿಟ್ಟರೆ ಅದೇ ದಿನ ಮುಗಿಸಿ.

ಸಕ್ಕರೆ ಬದಲು ಬೆಲ್ಲ ಹಾಕೋರಿಗೆ ಇನ್ನೊಂದು ಮಾತು. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯೋ ಸಾಧ್ಯತೆ ಹೆಚ್ಚು, ಬೆಲ್ಲದಲ್ಲಿ ಸ್ವಲ್ಪ ಆಮ್ಲೀಯ ಗುಣ ಇರತ್ತೆ. ಬೆಲ್ಲದ ಪಾಯಸಕ್ಕೆ ನಮ್ಮ ಕಡೆ ತೆಂಗಿನಹಾಲು ಬಳಸೋದು ಸುಮ್ಮನೆ ಅಲ್ಲ. ಹಸುವಿನ ಹಾಲೇ ಬೇಕಾದರೆ ಒಲೆ ಆರಿಸಿ, ಪಾಯಸ ಸ್ವಲ್ಪ ಆರಿದ ಮೇಲೆ ಹಾಲು ಸೇರಿಸಿ.

ಪ್ಲಗ್ ನೋಡಿ ಹಾಕಿ

ನಾವು ಇಂಜಿನಿಯರಿಂಗ್ ಓದೋರು, ಇಷ್ಟು ಲೆಕ್ಕ ಮಾಡಲೇಬೇಕು. 2000 ವ್ಯಾಟ್ ಇಂಡಕ್ಷನ್ ಒಲೆ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯತ್ತೆ. ಲ್ಯಾಪ್‌ಟಾಪ್ ಹಾಕೋ ಸಣ್ಣ ಸಾಕೆಟ್ 6 ಆಂಪಿಯರ್‌ನದು. ಅಡಾಪ್ಟರ್ ಹಾಕಿ ಅದರಲ್ಲೇ ಓಡಿಸಿದರೆ ವೈರ್ ಬಿಸಿಯಾಗತ್ತೆ. 16 ಆಂಪಿಯರ್‌ನ ದೊಡ್ಡ ಸಾಕೆಟ್ ಬೇಕು, ಅದೇ ಹೊತ್ತಿಗೆ ಗೀಸರ್ ಬೇಡ. ಪಾತ್ರೆಯ ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಇಂಡಕ್ಷನ್‌ಗೆ ಆಗತ್ತೆ. ಎಲೆಕ್ಟ್ರಿಕ್ ಕೆಟಲ್‌ನಲ್ಲಿ ಹಾಲು ಕಾಯಿಸಬೇಡಿ, ತಳ ಹತ್ತತ್ತೆ, ಉಕ್ಕಿದರೆ ಕರೆಂಟ್ ಭಾಗಕ್ಕೆ ಇಳಿಯತ್ತೆ.

ಮನೆಗೆ ಒಂದು ಫೋನ್

ನಮ್ಮಲ್ಲಿ ಹೆಚ್ಚಿನವರು ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಮನೆಗೆ ಫೋನ್ ಮಾಡಿ "ಅಜ್ಜಿ, ಎಷ್ಟು ಗ್ರಾಂ, ಎಷ್ಟು ನಿಮಿಷ" ಅಂತ ಕೇಳ್ತೀವಿ. ಅಲ್ಲಿಂದ "ಹದ ನೋಡ್ಕೊಂಡು ಇಳಿಸು ಪುಟ್ಟ" ಅಂತ ಉತ್ತರ ಬರತ್ತೆ. ಅವರಿಗೆ ಹೇಳೋಕೆ ಬರಲ್ಲ ಅಂತ ನಾವು ಯೂಟ್ಯೂಬ್ ತೆಗೀತೀವಿ. ಆದರೆ ಹದ ಅನ್ನೋದು ಅಳತೆಯೇ. ಎಳೆ, ಉಂಡೆ, ಟಣ್, ತಳ ಬಿಡೋದು, ಅಂಚು ಬಿಡೋದು, ಘಮ್ಮೆನ್ನೋದು ಇವೆಲ್ಲ ಅದರ ಯೂನಿಟ್‌ಗಳು. ಈ ಯೂನಿಟ್ ಗೊತ್ತಿದ್ದವರಿಗೆ ಕಡಲೆಹಿಟ್ಟಿನ ಬದಲು ಬೇರೇನು ಹಾಕಿದರೂ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯತ್ತೆ. ಗ್ರಾಂ ಮಾತ್ರ ಗೊತ್ತಿದ್ದವರಿಗೆ ರೆಸಿಪಿ ಒಂಚೂರು ಬದಲಾದರೂ ಕೈ ಕಟ್ಟಿದ ಹಾಗೆ. ಹೊಸತು ಮಾಡೋಕೆ ಹಳೇ ಪದಗಳೇ ಬೇಕು, ಅವು ಈಗ ಇರೋದು ಬಹಳಷ್ಟು ಮನೆಗಳಲ್ಲಿ ಒಬ್ಬಿಬ್ಬರ ಬಾಯಲ್ಲಿ ಮಾತ್ರ.

ಅದಕ್ಕೇ ಈ ವಾರ ಒಂದು ಫೋನ್ ಮಾಡಿ. ನಿಮ್ಮ ಮನೆಯ ಒಂದೇ ಒಂದು ಸಿಹಿ ಆರಿಸಿಕೊಳ್ಳಿ. ಅಳತೆ ಆಮೇಲೆ ಕೇಳಿ, ಮೊದಲು ಮೂರು ಪ್ರಶ್ನೆ: ಹದ ಬಂದಿದ್ದು ಹೇಗೆ ಗೊತ್ತಾಗತ್ತೆ? ಆ ಹದಕ್ಕೆ ನಮ್ಮ ಮನೆಯಲ್ಲಿ ಏನಂತಾರೆ? ಹದ ಮೀರಿದರೆ ಏನು ಮಾಡ್ತೀರಿ? ಅವರು ಹೇಳಿದ ಪದವನ್ನು ಹಾಗೇ ಬರೆದುಕೊಳ್ಳಿ, ಧಾರವಾಡದ ಪದವಾದರೂ ಸರಿ, ಕುಂದಾಪುರದ್ದಾದರೂ ಸರಿ. ಬರೆದದ್ದನ್ನು ನಮ್ಮ ಕನ್ನಡ ಸಂಘಕ್ಕೆ ಕೊಡಿ. ಮುಂದಿನ ಸಂಚಿಕೆಯಲ್ಲಿ ಎಲ್ಲ ಊರಿನ ಹದಗಳನ್ನೂ ಒಟ್ಟಿಗೆ ಹಾಕೋಣ.