ಕೈನೋವು: ಸಹಿಸಬೇಕಾದುದೆಷ್ಟು?



ಮನೆಯವರೆಲ್ಲರ ನೋವನ್ನು ವಿಚಾರಿಸುವ ತಾಯಿಯು ತನ್ನ ಕೈನೋವನ್ನು ಮಾತ್ರ ಯಾರಿಗೂ ಹೇಳದೆ ಸಹಿಸಿಕೊಳ್ಳುವುದುಂಟು. ಸಹನೆಯು ಸದ್ಗುಣವೇ ಸರಿ. ಆದರೆ ಕೈನೋವುಗಳಲ್ಲಿ ಕೆಲವು ತಡಮಾಡಿದಷ್ಟೂ ಹಾನಿಯನ್ನು ಹೆಚ್ಚಿಸತಕ್ಕವು. ಆದುದರಿಂದ ಅವುಗಳ ಗುರುತನ್ನು ಅರಿತಿರುವುದು ಅವಶ್ಯ.

ಮಣಿಕಟ್ಟಿನ ಒಳಭಾಗದಲ್ಲಿ ಎಲುಬುಗಳ ಮೇಲೆ ಗಟ್ಟಿಯಾದ ಪಟ್ಟಿಯೊಂದು ಹಾದು, ಅದರಡಿಯಲ್ಲಿ ಇಕ್ಕಟ್ಟಾದ ಸುರಂಗವೊಂದು ಉಂಟಾಗಿದೆ. ಬೆರಳುಗಳನ್ನು ಮಡಿಸುವ 9 ಸ್ನಾಯುರಜ್ಜುಗಳೂ ಒಂದು ನರವೂ ಇದರ ಮೂಲಕವೇ ಹೋಗುವುವು. ಒಳಗೆ ಊತವುಂಟಾದರೆ ಆ ನರವು ಅದುಮಲ್ಪಡುವುದು. ಆಗ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳೂ ಉಂಗುರಬೆರಳಿನ ಅರ್ಧಭಾಗವೂ ಜೋಮು ಹಿಡಿಯುವುವು. ರಾತ್ರಿಯ ವೇಳೆ ನೋವು ಹೆಚ್ಚಿ ನಿದ್ದೆಗೆಡಿಸುವುದು. ಕೈಯನ್ನು ಕೊಡವಿದರೆ ತುಸು ಶಮನವಾಗುವುದು. ಈ ವ್ಯಾಧಿಯು ಪುರುಷರಿಗಿಂತ ಸ್ತ್ರೀಯರಲ್ಲಿ ಅಧಿಕ. ಗರ್ಭಿಣಿಯರಲ್ಲಿಯೂ, ಮಧುಮೇಹವುಳ್ಳವರಲ್ಲಿಯೂ, ಥೈರಾಯಿಡ್ ಗ್ರಂಥಿಯ ಕಾರ್ಯವು ಕುಂದಿದವರಲ್ಲಿಯೂ ಇದು ಕಾಣಿಸಿಕೊಳ್ಳುವ ಸಂಭವ ಹೆಚ್ಚು.

ಕಿರುಬೆರಳು ಜೋಮು ಹಿಡಿದರೆ, ಮೊಣಕೈಯ ಹಿಂದೆ ಸಾಗುವ ಬೇರೊಂದು ನರವು ಒತ್ತಲ್ಪಟ್ಟಿರಬಹುದು. ಮೊಣಕೈಯನ್ನು ಬಹುಹೊತ್ತು ಮಡಿಸಿಕೊಂಡಿರುವುದರಿಂದ ಅದು ಉಲ್ಬಣಿಸುವುದು. ಕುತ್ತಿಗೆಯನ್ನು ತಿರುಗಿಸಿದಾಗ ತೋಳಿನುದ್ದಕ್ಕೂ ಸೆಳೆತ ಹರಿದರೆ ಮೂಲವು ಕುತ್ತಿಗೆಯಲ್ಲಿರಬಹುದು. ಹಸುಗೂಸನ್ನು ಪದೇ ಪದೇ ಎತ್ತಿಕೊಳ್ಳುವ ತಾಯಂದಿರಿಗೆ ಹೆಬ್ಬೆರಳಿನ ಬುಡದ ಕಡೆ ಮಣಿಕಟ್ಟು ನೋಯುವುದುಂಟು. ಇದನ್ನು 1895ರಲ್ಲಿ ಸ್ವಿಟ್ಜರ್ಲೆಂಡಿನ ಶಸ್ತ್ರವೈದ್ಯರಾದ ಡಿ ಕೆರ್ವೇನರು ವರ್ಣಿಸಿದರು.

ಹಿಟ್ಟು ನಾದಿದ, ಬಟ್ಟೆ ಹಿಂಡಿದ ಆಯಾಸದ ನೋವು ಕೆಲವು ದಿನಗಳ ವಿಶ್ರಾಂತಿಯಿಂದ ಸಾಮಾನ್ಯವಾಗಿ ಇಳಿಯುವುದು. ಮಣಿಕಟ್ಟಿನ ನರವು ಒತ್ತಲ್ಪಟ್ಟಿದ್ದರೆ, ರಾತ್ರಿಯಲ್ಲಿ ಮಣಿಕಟ್ಟನ್ನು ನೇರವಾಗಿರಿಸುವ ಪಟ್ಟಿಯನ್ನು ಕೆಲವು ವಾರ ಧರಿಸುವುದು ಹಿತಕರ. ಆದರೆ ಜೋಮು ಬಿಡದೆ ಉಳಿದರೆ, ಗುಂಡಿ ಹಾಕಲು ಬೆರಳು ಒದಗದಿದ್ದರೆ, ಪಾತ್ರೆಗಳು ಕೈಜಾರುತ್ತಿದ್ದರೆ, ಹೆಬ್ಬೆರಳಿನ ಬುಡದ ಮಾಂಸವು ಸೊರಗಿದ್ದರೆ ವೈದ್ಯರನ್ನು ಕಾಣುವುದರಲ್ಲಿ ವಿಳಂಬ ಸಲ್ಲದು. ಪಟ್ಟಿಯನ್ನು ಕತ್ತರಿಸಿ ನರವನ್ನು ಬಿಡಿಸುವ ಶಸ್ತ್ರಚಿಕಿತ್ಸೆಯು ಚಿಕ್ಕದೇ. ಆದರೆ ಬಹುಕಾಲ ಸೊರಗಿದ ಸ್ನಾಯುವಿಗೆ ಅದರಿಂದಲೂ ಪೂರ್ಣಬಲವು ಮರಳದಿರಬಹುದು.

ಪೆಟ್ಟಿನಿಂದ ಕೈ ಸೊಟ್ಟಗಾದರೆ, ಅಥವಾ ಜ್ವರದೊಡನೆ ಕೈಯು ಕೆಂಪಾಗಿ ಬಾತರೆ, ಅಂದೇ ಆಸ್ಪತ್ರೆಗೆ ಹೋಗತಕ್ಕದ್ದು. ಎದೆಯ ಬಿಗಿತ, ಬೆವರು, ಉಸಿರುಗಟ್ಟುವಿಕೆ ಇವುಗಳೊಡನೆ ತೋಳಾಗಲಿ ದವಡೆಯಾಗಲಿ ನೋಯತೊಡಗಿದರೆ ಅದು ಹೃದಯಾಘಾತವಾಗಿರಬಹುದು. ಸ್ತ್ರೀಯರಲ್ಲಿ ಎದೆನೋವಿಲ್ಲದೆಯೂ ಇದು ಸಂಭವಿಸುವುದುಂಟು. ಒಂದು ಕೈ ಹಠಾತ್ತಾಗಿ ಬಲಗುಂದಿ, ಮುಖ ವಾಲಿ, ಮಾತು ತೊದಲಿದರೆ ಅದು ಮೆದುಳಿನ ಆಘಾತದ ಲಕ್ಷಣ. ಈ ಎರಡು ಸಂದರ್ಭಗಳಲ್ಲಿಯೂ ಒಡನೆಯೇ 108ಕ್ಕೆ ಕರೆಮಾಡಿ ಆಂಬುಲೆನ್ಸನ್ನು ತರಿಸಬೇಕು.

ಸೋದರಿಯರೇ, ಮನೆಯ ಭಾರವೆಲ್ಲವೂ ನಿಮ್ಮ ಕೈಗಳ ಮೇಲಿದೆ. ಅವುಗಳ ಆರೈಕೆಯು ಸ್ವಾರ್ಥವೆಂದು ಎಣಿಸದಿರಿ. ನೋವನ್ನು ಮನೆಯವರಿಗೆ ಹೇಳಿರಿ, ಸಕಾಲದಲ್ಲಿ ವೈದ್ಯರಿಗೆ ತೋರಿಸಿರಿ.