ಹಳ್ಳಿಯ ಮನೆಗಳಿಗೆ ಸೌರದೀಪ: ಬೆಲೆ, ಸಾಲ ಮತ್ತು ಪೋಷಣೆ

ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ನೆಯ ಇಸವಿಯಲ್ಲಿ ಕಾವೇರಿಯ ನೀರಿನಿಂದ ವಿದ್ಯುಚ್ಛಕ್ತಿಯು ಉತ್ಪನ್ನವಾಗಿ, ಮೊದಲು ಕೋಲಾರದ ಚಿನ್ನದ ಗಣಿಗಳಿಗೂ 1905ರಲ್ಲಿ ಬೆಂಗಳೂರು ನಗರಕ್ಕೂ ಸಾಗಿತು. ಆದರೆ ತಂತಿಗಳು ಹಾದುಹೋದ ಹಳ್ಳಿಗಳ ಮನೆಗಳಿಗೆ ದೀಪ ಬರಲು ಬಹುಕಾಲ ಹಿಡಿಯಿತು. ಶಕ್ತಿಯು ಸಮೀಪದಲ್ಲಿರುವುದು ಬೇರೆ, ಅದು ಬಡವನ ಕೈಗೆ ಎಟಕುವುದು ಬೇರೆ. ಸೂರ್ಯನ ಬಿಸಿಲು ಸಿರಿವಂತನ ಮಾಳಿಗೆಯ ಮೇಲೂ ಕೂಲಿಯವನ ಹೆಂಚಿನ ಮೇಲೂ ಸಮನಾಗಿ ಬೀಳುವುದಾದರೂ, ಅದನ್ನು ದೀಪವಾಗಿ ಮಾರ್ಪಡಿಸುವ ಸಲಕರಣೆಯ ವಿಷಯದಲ್ಲಿಯೂ ಈ ಮಾತು ಸತ್ಯವಾಗಿದೆ. ಈ ಅಂತರವನ್ನು ನೀಗುವ ಬಗೆಯನ್ನು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಗ್ರಾಮಮುಖಂಡರ ಹಾಗೂ ಜಮೀನುದಾರರ ಅವಗಾಹನೆಗಾಗಿ ಇಲ್ಲಿ ವಿವರಿಸಲಾಗಿದೆ.

ಬೆಲೆಯು ಭಾರವಾಗುವುದೇಕೆ?

ಸೀಮೆಎಣ್ಣೆಯನ್ನು ಕೊಳ್ಳುತ್ತಿದ್ದವನು ಆ ವಾರಕ್ಕೆ ಬೇಕಾದ ಬೆಳಕಿಗೆ ಮಾತ್ರ ಹಣ ತೆರುತ್ತಿದ್ದನು. ಸೌರಫಲಕವನ್ನು ಕೊಳ್ಳುವವನಾದರೋ ಮುಂದಿನ ಇಪ್ಪತ್ತು ವರ್ಷಗಳ ಬೆಳಕಿನ ಬೆಲೆಯನ್ನು ಮೊದಲೇ ತೆರಬೇಕಾಗುವುದು. ಲೆಕ್ಕದಲ್ಲಿ ಇದು ಲಾಭಕರವೇ ಹೌದು. ಆದರೆ ಒಂದೇ ಸಲಕ್ಕೆ ಅಷ್ಟು ಹಣವನ್ನು ಹೊಂದಿಸಲಾರದವನಿಗೆ ಆ ಲಾಭದಿಂದ ಪ್ರಯೋಜನವಿಲ್ಲ. ಆದುದರಿಂದ ಬೆಲೆಯನ್ನು ತಗ್ಗಿಸುವುದಕ್ಕಿಂತಲೂ ಬೆಲೆಯನ್ನು ಹಂಚುವುದೇ ಮುಖ್ಯವಾದ ಉಪಾಯವಾಗಿದೆ.

ನಮ್ಮ ನಾಡಿನ ಅನುಭವ

1995ರಲ್ಲಿ ಹರೀಶ್ ಹಂದೆಯವರೂ ಅವರ ಸಹೋದ್ಯೋಗಿ ನೆವಿಲ್ ವಿಲಿಯಮ್ಸ್ ಅವರೂ ಬೆಂಗಳೂರಿನಲ್ಲಿ ಸ್ಥಾಪಿಸಿದ ಸೆಲ್ಕೋ ಸಂಸ್ಥೆಯು ಈ ಉಪಾಯವನ್ನೇ ಹಿಡಿಯಿತು. ಬಡವನು ಸೌರದೀಪವನ್ನು ಕೊಳ್ಳಲಾರನು, ಕೊಂಡರೂ ಕಾಪಾಡಲಾರನು ಎಂಬ ಅಭಿಪ್ರಾಯವು ಆಗ ಬಲವಾಗಿದ್ದಿತು. ಸಂಸ್ಥೆಯವರು ಗ್ರಾಮೀಣ ಬ್ಯಾಂಕುಗಳಿಂದ ಸಾಲ ಕೊಡಿಸಿ, ಮನೆಮನೆಯ ಅಗತ್ಯಕ್ಕೆ ತಕ್ಕಂತೆ ಸಲಕರಣೆಯನ್ನು ಹೊಂದಿಸಿ, ದುರಸ್ತಿಗೆ ಸಮೀಪದಲ್ಲಿಯೇ ಕೆಲಸಗಾರರನ್ನಿಟ್ಟು ಆ ಅಭಿಪ್ರಾಯವು ತಪ್ಪೆಂದು ತೋರಿಸಿದರು. 2011ರಲ್ಲಿ ಹಂದೆಯವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿಯು ದೊರೆಯಿತು. 2003ರಲ್ಲಿ ಆರಂಭವಾದ ವಿಶ್ವಸಂಸ್ಥೆಯ ಪರಿಸರ ವಿಭಾಗದ ಯೋಜನೆಯೊಂದರಲ್ಲಿ ಕೆನರಾ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಕಡಿಮೆ ಬಡ್ಡಿಗೆ ಸಾಲವಿತ್ತು, ಹದಿನಾರು ಸಾವಿರಕ್ಕೂ ಮಿಕ್ಕ ಮನೆಗಳಿಗೆ ಸೌರದೀಪವನ್ನು ಒದಗಿಸಿದುವು.

ತಿಂಗಳಿಗೆ 300 ರೂಪಾಯಿ ಕೊಡಲಾರದ ಬೀದಿ ವ್ಯಾಪಾರಿಯು ದಿನಕ್ಕೆ 10 ರೂಪಾಯಿಯನ್ನು ಸುಲಭವಾಗಿ ಕೊಡಬಲ್ಲನೆಂಬ ಸಂಗತಿಯನ್ನು ಹಂದೆಯವರು ಅನೇಕ ಕಡೆ ವಿವರಿಸಿರುತ್ತಾರೆ. ಮೊಬಲಗು ಒಂದೇ, ಆದಾಯವು ಬರುವ ದಿನಕ್ಕೆ ಕಂತು ಹೊಂದಿತೇ ಇಲ್ಲವೇ ಎಂಬುದೇ ವ್ಯತ್ಯಾಸ. ಈ ಸೀಮೆಯಲ್ಲಿ ಹಾಲಿನ ಹಣವು ಡೈರಿಯಿಂದ ಮೇಲಿಂದ ಮೇಲೆ ಬರುತ್ತದೆ. ರೇಷ್ಮೆಗೂಡಿನ ಹಣವು ಬೆಳೆಬೆಳೆಗೆ ಬರುತ್ತದೆ. ಕಬ್ಬಿನ ಹಣವು ಕಟಾವಾದ ಮೇಲೆ ಬರುತ್ತದೆ. ಕಬ್ಬು ಬೆಳೆಯುವವನಿಂದ ತಿಂಗಳ ಕಂತನ್ನು ಕೇಳಿದರೆ ಅವನು ತಪ್ಪುವನು. ಹಸು ಕಟ್ಟಿದವನಿಂದ ವರ್ಷದ ಕಂತನ್ನು ಕೇಳಿದರೆ ಹಣವು ಅಷ್ಟರಲ್ಲಿಯೇ ಖರ್ಚಾಗಿರುವುದು. ನಿದರ್ಶನಕ್ಕಾಗಿ 12,000 ರೂಪಾಯಿಗಳ ಸಾಲವನ್ನು ನೂರಕ್ಕೆ 12ರ ಇಳಿಕೆ ಬಡ್ಡಿಯಲ್ಲಿ ಮೂರು ವರ್ಷಗಳಿಗೆ ಹಂಚಿದರೆ ತಿಂಗಳಿಗೆ ಸುಮಾರು 400 ರೂಪಾಯಿಗಳೂ, ಐದು ವರ್ಷಗಳಿಗೆ ಹಂಚಿದರೆ ಸುಮಾರು 267 ರೂಪಾಯಿಗಳೂ ಆಗುವುವು.

ಎಷ್ಟು ದೊಡ್ಡ ಸಲಕರಣೆ ಬೇಕು?

ಅಗತ್ಯಕ್ಕಿಂತ ದೊಡ್ಡದನ್ನು ಕೊಳ್ಳುವುದೂ ಒಂದು ನಷ್ಟವೇ. 5 ವಾಟಿನ ನಾಲ್ಕು ಎಲ್‌ಇಡಿ ದೀಪಗಳು ರಾತ್ರಿ ನಾಲ್ಕು ಗಂಟೆಗಳ ಕಾಲ ಉರಿದರೆ 80 ವಾಟ್-ಗಂಟೆಯೂ, ಮೊಬೈಲಿಗೆ 10ರಷ್ಟೂ ಬೇಕಾಗುವುದು. 40 ವಾಟಿನ ಫಲಕವು ನಾಲ್ಕು ಗಂಟೆಗಳ ಪೂರ್ಣ ಬಿಸಿಲಿನಲ್ಲಿ 160 ವಾಟ್-ಗಂಟೆಯನ್ನು ಕೊಡುವುದು. ಬ್ಯಾಟರಿ ಮುಂತಾದವುಗಳಲ್ಲಿ ಮೂರನೆಯ ಒಂದು ಪಾಲು ನಷ್ಟವಾದರೂ ಉಳಿದದ್ದು ಸಾಕಾಗುತ್ತದೆ. ಕಬ್ಬಿನ ಗದ್ದೆಗಳ ನಡುವೆ ಹಾವು, ಚಿರತೆಗಳ ಭಯವಿರುವ ತೋಟದ ಮನೆಗಳಿಗೂ, ರಾತ್ರಿ ಸೊಪ್ಪು ಕೊಡಬೇಕಾದ ರೇಷ್ಮೆಹುಳು ಸಾಕುವ ಮನೆಗಳಿಗೂ ಇಂಥ ಸಲಕರಣೆಯು ವಿಶೇಷ ಉಪಯುಕ್ತ. ಎಣ್ಣೆದೀಪದ ಹೊಗೆಯು ಹುಳುಗಳಿಗೆ ಹಾನಿಕರವೆಂಬುದು ತಿಳಿದ ವಿಷಯವೇ ಆಗಿದೆ.

ಛಾವಣಿಯ ಮೇಲಿನ ಯೋಜನೆ

ಕೇಂದ್ರ ಸರ್ಕಾರವು 2024ರಲ್ಲಿ ಆರಂಭಿಸಿದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟ್‌ವರೆಗೆ ಕಿಲೋವಾಟಿಗೆ 30,000 ರೂಪಾಯಿಗಳೂ, ಮೂರನೆಯ ಕಿಲೋವಾಟಿಗೆ 18,000 ರೂಪಾಯಿಗಳೂ, ಒಟ್ಟು 78,000ಕ್ಕೆ ಮೀರದಂತೆ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಈ ವಿಷಯದಲ್ಲಿ ಮೂರು ಅಂಶಗಳನ್ನು ಮೊದಲೇ ತಿಳಿದಿರತಕ್ಕದ್ದು. ಮೊದಲನೆಯದು, ಸಹಾಯಧನವು ಸಲಕರಣೆಯನ್ನು ಅಳವಡಿಸಿದ ಮೇಲೆ ಬರುವುದು. ಅಲ್ಲಿಯವರೆಗಿನ ಹಣಕ್ಕೆ ಏರ್ಪಾಡು ಬೇಕು. ಎರಡನೆಯದು, ಬ್ಯಾಟರಿಯಿಲ್ಲದೆ ಸರಬರಾಜಿನ ತಂತಿಗೆ ಸೇರಿಸಿದ ಸಲಕರಣೆಯು, ತಂತಿಯಲ್ಲಿ ವಿದ್ಯುತ್ತು ನಿಂತಾಗ ಕೆಲಸಗಾರರ ರಕ್ಷಣಾರ್ಥವಾಗಿ ತಾನೂ ನಿಲ್ಲುವುದು. ಮೂರನೆಯದು, 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿಯಿಂದ ಬಿಲ್ಲನ್ನೇ ಕಟ್ಟದಿರುವ ಚಿಕ್ಕ ಮನೆಗೆ ಇದರಿಂದ ಉಳಿತಾಯವು ಅಲ್ಪ. ಹೀಗಿರುವಲ್ಲಿ ದೊಡ್ಡ ಮನೆಯವರಿಗೆ ಛಾವಣಿಯ ಯೋಜನೆಯೂ, ಬಡವರಿಗೆ ಚಿಕ್ಕ ಬ್ಯಾಟರಿ ದೀಪವೂ ತಕ್ಕುದಾಗಿ ಕಾಣುತ್ತದೆ.

ಪೋಷಣೆಯ ಕ್ರಮ

1. ಫಲಕವನ್ನು ದಕ್ಷಿಣಾಭಿಮುಖವಾಗಿ, ಸ್ವಲ್ಪ ಓರೆಯಾಗಿ ಇಡಬೇಕು. ತೆಂಗಿನ ಗರಿಯ ನೆರಳು ಒಂದು ಮೂಲೆಯಲ್ಲಿ ಬಿದ್ದರೂ ಶಕ್ತಿಯು ಬಹಳ ಕುಗ್ಗುವುದು.
2. ಆಲೆಮನೆಯ ಬೂದಿಯೂ ರಸ್ತೆಯ ಧೂಳೂ ಕೂರುವ ಸ್ಥಳಗಳಲ್ಲಿ, ಬೆಳಗಿನ ತಂಪಿನಲ್ಲಿ, ಬರಿಯ ನೀರಿನಿಂದ ಆಗಾಗ್ಗೆ ತೊಳೆಯಬೇಕು.
3. ಸೀಸದ ಬ್ಯಾಟರಿಗೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಬಾವಿಯ ನೀರು ಕೂಡದು. ಪೂರ್ತಿ ಬರಿದಾಗುವವರೆಗೂ ಉಪಯೋಗಿಸಬಾರದು.
4. ಫಲಕವು ಇಪ್ಪತ್ತು ವರ್ಷಗಳಿಗೂ ಮಿಕ್ಕಿ ಬಾಳಿದರೂ ಇಂಥ ಬ್ಯಾಟರಿಯು ಕೆಲವು ವರ್ಷಗಳಲ್ಲಿಯೇ ಸವೆಯುವುದು. ಅದಕ್ಕಾಗಿ ತಿಂಗಳು ತಿಂಗಳೂ ಸ್ವಲ್ಪ ಹಣವನ್ನು ಕೂಡಿಡಬೇಕು.

ಗ್ರಾಮಮುಖಂಡರ ಕರ್ತವ್ಯ

ದಾನವಾಗಿ ಬಂದ ದೀಪವು ಕೆಟ್ಟಾಗ ಕೇಳುವವರಿಲ್ಲದೆ ಮೂಲೆಗೆ ಸೇರುವುದುಂಟು; ಕಂತು ಕಟ್ಟಿ ಕೊಂಡ ದೀಪವನ್ನು ಮನೆಯವರು ಜೋಪಾನ ಮಾಡುವರು. ಆದುದರಿಂದ ಮುಖಂಡರು ದೀಪಗಳನ್ನು ಹಂಚುವುದಕ್ಕಿಂತಲೂ, ಸಹಕಾರ ಸಂಘದ ಅಥವಾ ಸ್ವಸಹಾಯ ಸಂಘದ ಮೂಲಕ ಹತ್ತಾರು ಮನೆಗಳನ್ನು ಕೂಡಿಸಿ ಒಟ್ಟಾಗಿ ಬೆಲೆ ಕೇಳುವುದು, ಬ್ಯಾಂಕಿನವರಿಗೆ ಬಡವನ ನಡತೆಯ ವಿಷಯವಾಗಿ ಭರವಸೆ ಕೊಡುವುದು, ಊರಿನ ಒಬ್ಬ ಯುವಕನಿಗೆ ದುರಸ್ತಿಯ ಕೆಲಸವನ್ನು ಕಲಿಸುವುದು, ಇವು ಮೂರನ್ನು ಮಾಡುವುದು ಲೇಸು. ಹಿಂದೆ ಊರ ಪಕ್ಕದಲ್ಲಿಯೇ ಹುಟ್ಟಿದ ಬೆಳಕು ದೂರ ಹೋಯಿತು. ಈಗ ಬೆಳಕು ಪ್ರತಿ ಮನೆಯ ಹೆಂಚಿನ ಮೇಲೆಯೇ ಹುಟ್ಟಬಹುದಾಗಿದೆ. ಅದು ಕಡೆಯ ಮನೆಯನ್ನೂ ಮುಟ್ಟುವಂತೆ ಮಾಡುವುದು ಊರಿನವರ ಕೈಯಲ್ಲಿಯೇ ಇದೆ.