ಮಾಗಿಯಲ್ಲಿ ಒಡೆಯುವ ಮೈ

ಚಳಿಗಾಲದಲ್ಲಿ ಮೈ ಒಡೆದರೆ ಚಳಿಯನ್ನು ದೂರುವುದು ರೂಢಿ. ಆದರೆ ಒಡೆಸುವುದು ಹೆಚ್ಚಾಗಿ ಗಾಳಿಯ ಒಣತನ. ಗಾಳಿ ಬೆಚ್ಚಗಿದ್ದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 30 ಗ್ರಾಂ ಆವಿ ಇರಬಹುದು. 10 ಡಿಗ್ರಿಯಲ್ಲಿ 9 ಗ್ರಾಂಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹಿಂಗಾರು ಮಳೆ ಮುಗಿದು ಈಶಾನ್ಯದಿಂದ ಒಣಗಾಳಿ ಬೀಸತೊಡಗಿದ ಮೇಲೆ ಬೀದರ್, ವಿಜಯಪುರದ ಕಡೆ ರಾತ್ರಿಯ ತಾಪಮಾನ ಆಗಾಗ 10 ಡಿಗ್ರಿಯ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಇಳಿಯುತ್ತದೆ. ಮರುದಿನ ಮಧ್ಯಾಹ್ನ ಬಿಸಿಲೇರಿ 28–30 ಡಿಗ್ರಿ ಆದಾಗ ಗಾಳಿಯಲ್ಲಿರುವುದು ಹೆಚ್ಚುಕಡಿಮೆ ರಾತ್ರಿಯಷ್ಟೇ ಆವಿ, ಆದರೆ ಅದರ ಹಿಡಿಯುವ ಶಕ್ತಿ ಮೂರು ಪಟ್ಟು. ಆ ಕೊರತೆಯನ್ನು ಗಾಳಿ ಹೊಲದ ಮಣ್ಣು, ಒಗೆದು ಹಾಕಿದ ಬಟ್ಟೆ, ಮನುಷ್ಯರ ಮೈ ಹೀಗೆ ಸಿಕ್ಕಿದ್ದರಿಂದಲೆಲ್ಲ ತುಂಬಿಕೊಳ್ಳುತ್ತದೆ. ನಡುಗಿಸುವುದು ಬೆಳಗಿನ ಜಾವವಾದರೂ ಚರ್ಮವನ್ನು ಹೆಚ್ಚು ಒಣಗಿಸುವುದು ನಡುಹಗಲು. ಮಂಗಳೂರು, ಕಾರವಾರದಲ್ಲಿ ಸಮುದ್ರ ಪಕ್ಕದಲ್ಲೇ ಇರುವುದರಿಂದ ಈ ತೊಂದರೆ ಅಷ್ಟಾಗಿ ಇಲ್ಲ. ಯುರೋಪಿಗೋ ಅಮೆರಿಕದ ಉತ್ತರ ಭಾಗಕ್ಕೋ ಹೋದ ಕನ್ನಡಿಗರಿಗೆ ಇದು ದುಪ್ಪಟ್ಟಾಗಿ ಕಾಣುತ್ತದೆ. ಹೊರಗಿನ ಸೊನ್ನೆ ಡಿಗ್ರಿ ಗಾಳಿಯನ್ನು ಮನೆಯೊಳಗೆ ಹೀಟರ್‌ನಿಂದ 22 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ 25ರ ಹತ್ತಿರ ಬಂದು ನಿಲ್ಲುತ್ತದೆ.

ಈ ಒಣಗಾಳಿಗೂ ದೇಹದೊಳಗಿನ ನೀರಿಗೂ ನಡುವೆ ಇರುವ ತಡೆ ಬಹಳ ತೆಳು. ಚರ್ಮದ ಅತ್ಯಂತ ಹೊರಗಿನ ಪದರದ ದಪ್ಪ ಮೈಯ ಬಹುಭಾಗದಲ್ಲಿ ಮಿಲಿಮೀಟರಿನ ನೂರನೇ ಒಂದೆರಡು ಭಾಗ ಮಾತ್ರ. ಅದರಲ್ಲಿ ಹದಿನೈದಿಪ್ಪತ್ತು ಸಾಲು ಸತ್ತ ಜೀವಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ಇದನ್ನು ಇಟ್ಟಿಗೆ ಗೋಡೆಗೆ ಹೋಲಿಸುವುದು ಚರ್ಮಶಾಸ್ತ್ರದಲ್ಲಿ ವಾಡಿಕೆ: ಕೋಶಗಳು ಇಟ್ಟಿಗೆ, ಅವುಗಳ ನಡುವಿನ ಜಿಡ್ಡು ಗಾರೆ. ಆ ಜಿಡ್ಡಿನ ದೊಡ್ಡ ಪಾಲು ಸೆರಮೈಡ್ ಎಂಬ ವಸ್ತು. ಉಳಿದದ್ದು ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲಗಳು. ಕೋಶಗಳ ಒಳಗೆ ಅಮೈನೋ ಆಮ್ಲ, ಯೂರಿಯಾ, ಲ್ಯಾಕ್ಟಿಕ್ ಆಮ್ಲದಂಥ ಪದಾರ್ಥಗಳು ನೀರನ್ನು ಹಿಡಿದಿಟ್ಟುಕೊಂಡಿರುತ್ತವೆ. ಆರೋಗ್ಯವಂತ ಚರ್ಮದ ಈ ಪದರದಲ್ಲಿ ನೀರಿನ ಪ್ರಮಾಣ ನೂರಕ್ಕೆ 20ರಿಂದ 30. ಅದು 10ಕ್ಕಿಂತ ಕೆಳಗಿಳಿದರೆ ಪದರ ಸೆಟೆದುಕೊಂಡು, ಬಾಗಿಸಿದ ಕಡೆ ಬಿರಿಯುತ್ತದೆ. ಸತ್ತ ಕೋಶಗಳನ್ನು ಒಂದೊಂದಾಗಿ ಬಿಡಿಸಿ ಉದುರಿಸುವ ಕಿಣ್ವಗಳು ಕೆಲಸ ಮಾಡಲೂ ನೀರು ಬೇಕು. ನೀರು ಸಾಲದಿದ್ದಾಗ ಕೋಶಗಳು ಬಿಡದೆ ಅಂಟಿಕೊಂಡು ಹೊಟ್ಟಾಗಿ ಏಳುತ್ತವೆ. ಉಗುರಿನಿಂದ ಗೀರಿದರೆ ಕೈಮೇಲೆ ಮೂಡುವ ಬಿಳಿ ಗೆರೆ ಈ ಹೊಟ್ಟಿನದೇ.

ಚರ್ಮವನ್ನು ಮೃದುವಾಗಿಡುವುದು ಎಣ್ಣೆ ಎಂಬ ನಂಬಿಕೆ ಎಷ್ಟು ಹಳೆಯದೋ ಅಷ್ಟೇ ಗಟ್ಟಿ. 1952ರಲ್ಲಿ ಅಮೆರಿಕದ ಸಂಶೋಧಕ ಇರ್ವಿನ್ ಬ್ಲಾಂಕ್ ಇದನ್ನು ಪರೀಕ್ಷೆಗೆ ಒಡ್ಡಿದರು. ಜಡ್ಡುಗಟ್ಟಿದ ಚರ್ಮದ ಒಣ ತುಣುಕುಗಳನ್ನು ಎಣ್ಣೆಯಲ್ಲಿ ನೆನೆಸಿಟ್ಟರೂ ಅವು ಪೆಡಸಾಗಿಯೇ ಉಳಿದವು; ನೀರು ತಾಗಿದಾಗ ಬಾಗುವಷ್ಟು ಮೆತ್ತಗಾದವು. ಮೆದುಗೊಳಿಸುವುದು ನೀರು, ಆ ನೀರು ಹಾರಿಹೋಗದಂತೆ ತಡೆಯುವುದು ಜಿಡ್ಡು. ಚಳಿಗಾಲದ ಆರೈಕೆಯಲ್ಲಿ ಯಾವ ಕಂಪನಿಯ ಕ್ರೀಮು ಎಂಬುದಕ್ಕಿಂತ ಯಾವುದರ ನಂತರ ಯಾವುದು ಎಂಬುದು ಮುಖ್ಯವಾಗುವುದು ಈ ಕಾರಣಕ್ಕೆ.

ಮೈಯೆಲ್ಲ ಒಂದೇ ಸಮನೆ ಒಣಗುವುದಿಲ್ಲ. ಚರ್ಮಕ್ಕೆ ತನ್ನದೇ ಎಣ್ಣೆ ಒದಗಿಸುವ ಗ್ರಂಥಿಗಳು ಮುಖ, ತಲೆ, ಎದೆ, ಬೆನ್ನಿನ ಮೇಲ್ಭಾಗದಲ್ಲಿ ಹೇರಳ. ಮೊಣಕಾಲಿನಿಂದ ಕೆಳಗೆ ವಿರಳ. ಅಂಗೈ, ಅಂಗಾಲಿನಲ್ಲಂತೂ ಒಂದೂ ಇಲ್ಲ. ಸಾಲದ್ದಕ್ಕೆ ಹಿಮ್ಮಡಿಯ ಚರ್ಮ ದಪ್ಪ, ಅದರ ಮೇಲೆ ಇಡೀ ದೇಹದ ಭಾರ. ತುಟಿಯ ಪಾಡು ಬೇರೆ: ಅಲ್ಲಿ ಹೊರಪದರವೇ ಅತಿ ತೆಳು. ಒಣಗಿತೆಂದು ನಾಲಗೆಯಿಂದ ಸವರಿಕೊಂಡರೆ ಎಂಜಲು ಆರುವಾಗ ಇದ್ದ ತೇವವನ್ನೂ ಒಯ್ಯುತ್ತದೆ, ಎಂಜಲಿನ ಕಿಣ್ವಗಳು ಉರಿ ಎಬ್ಬಿಸುತ್ತವೆ. ಮಕ್ಕಳ ಬಾಯಿಯ ಸುತ್ತ ಚಳಿಗಾಲದಲ್ಲಿ ಕಾಣುವ ಕೆಂಪು ಬಳೆ ಬಹುಮಟ್ಟಿಗೆ ಈ ಅಭ್ಯಾಸದ ಫಲ.

ತಡೆಯುವ ಕೆಲಸ ಬಚ್ಚಲುಮನೆಯಲ್ಲಿ ಶುರುವಾಗಬೇಕು. ಹಂಡೆಯ ನೀರಾಗಲಿ ಗೀಸರ್‌ನದಾಗಲಿ, ಚಳಿಗೆ ಹಿತವೆಂದು ಹೊಗೆಯಾಡುವ ನೀರು ಸುರಿದುಕೊಂಡಷ್ಟೂ ಕೋಶಗಳ ನಡುವಿನ ಜಿಡ್ಡು ಕರಗಿ ಹೋಗುತ್ತದೆ. ಉಗುರು ಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ ಸಾಕು. ಎರಡನೆಯ ಶತ್ರು ಸೋಪು. ಚರ್ಮದ ಮೇಲ್ಮೈ ತುಸು ಆಮ್ಲೀಯ, ಅದರ ಪಿಎಚ್ ಸುಮಾರು 5. ಸಾಮಾನ್ಯ ಸೋಪಿನದು 9–10. ಈ ಕ್ಷಾರ ಕೊಳೆಯೊಂದಿಗೆ ಚರ್ಮದ ಜಿಡ್ಡನ್ನೂ ತೊಳೆಯುತ್ತದೆ, ಸೆರಮೈಡ್ ತಯಾರಿಸುವ ಕಿಣ್ವಗಳನ್ನೂ ಮಂಕಾಗಿಸುತ್ತದೆ. ಸೋಪಿನ ಕವರಿನ ಮೇಲೆ ಟಿಎಫ್ಎಂ ಎಂದು ಅಚ್ಚಾಗಿರುವ ಸಂಖ್ಯೆ ಒಟ್ಟು ಕೊಬ್ಬಿನ ಪದಾರ್ಥದ ಪ್ರಮಾಣ. ಭಾರತೀಯ ಮಾನಕದ ಪ್ರಕಾರ ಅದು 76 ಅಥವಾ ಹೆಚ್ಚಿದ್ದರೆ ಮೊದಲ ದರ್ಜೆ, 70ರ ಮೇಲೆ ಎರಡನೆಯದು, 60ರ ಮೇಲೆ ಮೂರನೆಯದು. ಸಂಖ್ಯೆ ಹೆಚ್ಚಿದ್ದರೆ ಗುಣಮಟ್ಟ ಮೇಲು ಎಂಬುದು ಸರಿ, ಆದರೆ 80 ಇದ್ದರೂ ಸೋಪು ಸೋಪೇ, ಅದರ ಕ್ಷಾರಗುಣ ಹೋಗಿರುವುದಿಲ್ಲ. ತೀರಾ ಒಣಮೈಯವರಿಗೆ ಔಷಧಿ ಅಂಗಡಿಯಲ್ಲಿ ಸಿಂಡೆಟ್ ಬಾರ್ ಎಂಬ ಹೆಸರಿನಲ್ಲಿ ಸಿಗುವ, ಕ್ಷಾರವಿಲ್ಲದ ಬಿಲ್ಲೆ ವಾಸಿ. ಅದು ದುಬಾರಿ ಎನಿಸಿದರೆ ಮಾಮೂಲಿ ಸೋಪನ್ನೇ ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಹಚ್ಚಿ ಉಳಿದ ಮೈಯನ್ನು ಬರೀ ನೀರಿನಲ್ಲಿ ತೊಳೆದುಕೊಳ್ಳಬಹುದು. ಧೂಳಿನಲ್ಲಿ ಕೆಲಸವಿಲ್ಲದ ದಿನ ಕೈಕಾಲಿಗೆಲ್ಲ ನೊರೆ ಬೇಕೆಂಬುದು ಜಾಹೀರಾತು ಕಲಿಸಿದ ಪಾಠ. ಕಡಲೆಹಿಟ್ಟು ಸೋಪಿಗಿಂತ ಸೌಮ್ಯ ಎನ್ನುವವರುಂಟು. ಜಿಡ್ಡು ಹೀರುವುದೇ ಅದರ ಗುಣವಾದ್ದರಿಂದ ಚಳಿಗಾಲದಲ್ಲಿ ದಿನವೂ ಉಜ್ಜಿಕೊಳ್ಳುವುದಕ್ಕೆ ಅದೂ ತಕ್ಕುದಲ್ಲ.

ಅಭ್ಯಂಜನದ ವಿಷಯವೂ ಇಲ್ಲಿ ಬರಬೇಕು. ನರಕ ಚತುರ್ದಶಿಯ ಎಣ್ಣೆಸ್ನಾನ ಚಳಿ ಶುರುವಾಗುವ ಹೊತ್ತಿಗೇ ಬರುತ್ತದೆ. ಮೈ ಒಣಗದಿರಲೆಂದೇ ಹಿರಿಯರು ಇದನ್ನು ಇಟ್ಟರು ಎಂದು ವಿವರಿಸುವವರಿದ್ದಾರೆ. ತಿಕ್ಕಿಸಿಕೊಳ್ಳುವ ಸುಖ ಒಂದು ಕಡೆ ಇರಲಿ, ಕ್ರಮವನ್ನು ನೋಡಿದರೆ ಮೊದಲು ಎಣ್ಣೆ, ಆಮೇಲೆ ಸುಡುಸುಡು ನೀರು, ಜೊತೆಗೆ ಸೀಗೆಪುಡಿ. ಹಚ್ಚಿದ್ದರಲ್ಲಿ ಬಹುಪಾಲು ಬಚ್ಚಲ ಮೋರಿಗೆ ಹೋಗುತ್ತದೆ. ಹಬ್ಬಕ್ಕೆ ಅದು ಹಾಗೇ ನಡೆಯಲಿ. ಒಣಚರ್ಮದ ಆರೈಕೆಗೆ ಮಾತ್ರ ಈ ಕ್ರಮ ತಿರುಗಬೇಕು: ಸ್ನಾನವಾದ ಮೇಲೆ ಟವೆಲಿನಿಂದ ಉಜ್ಜದೆ ಒತ್ತಿಕೊಂಡು, ಮೈ ಇನ್ನೂ ತುಸು ತೇವವಾಗಿರುವಾಗಲೇ, ಎರಡು ಮೂರು ನಿಮಿಷದೊಳಗೆ ಎಣ್ಣೆಯನ್ನೋ ಕ್ರೀಮನ್ನೋ ಸವರಿಕೊಳ್ಳುವುದು.

ಅಂಗಡಿಯ ಕ್ರೀಮು, ಲೋಷನ್‌ಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಅವುಗಳ ಕೆಲಸ ಮುಖ್ಯವಾಗಿ ಎರಡೇ: ನೀರನ್ನು ಎಳೆದು ಹಿಡಿಯುವುದು, ಹಿಡಿದ ನೀರನ್ನು ಹೊರಬಿಡದಿರುವುದು. ಮೊದಲನೆಯದಕ್ಕೆ ಗ್ಲಿಸರಿನ್ ಹೆಸರುವಾಸಿ. ಸ್ವೀಡನ್ನಿನ ಕಾರ್ಲ್ ವಿಲ್ಹೆಲ್ಮ್ ಶೀಲೆ 1779ರಲ್ಲಿ ಆಲಿವ್ ಎಣ್ಣೆಯನ್ನು ಸೀಸದ ಆಕ್ಸೈಡಿನೊಂದಿಗೆ ಕಾಯಿಸುತ್ತಿದ್ದಾಗ ಸಿಕ್ಕ ಸಿಹಿ ದ್ರವ ಅದು. ಗ್ಲಿಸರಿನ್ನನ್ನು ನೇರವಾಗಿ ಹಚ್ಚಿದರೆ ಒಣಗಾಳಿಯಲ್ಲಿ ಅದಕ್ಕೆ ಎಳೆಯಲು ಹೊರಗೆ ನೀರಿರುವುದಿಲ್ಲ, ಚರ್ಮದ ಒಳಗಿನದನ್ನೇ ಎಳೆಯುತ್ತದೆ. ಪನ್ನೀರಿನಲ್ಲೋ ಬರೀ ನೀರಿನಲ್ಲೋ ಬೆರೆಸಿ ಹಚ್ಚುವ ಹಳೆಯ ರೂಢಿ ಸರಿಯಾದದ್ದೇ. ಎರಡನೆಯ ಕೆಲಸದಲ್ಲಿ ಪೆಟ್ರೋಲಿಯಂ ಜೆಲ್ಲಿಯನ್ನು ಮೀರಿಸುವ ಪದಾರ್ಥ ಸಿಗುವುದು ಕಷ್ಟ. ಅಮೆರಿಕದ ರಾಬರ್ಟ್ ಚೆಸ್‌ಬ್ರೋ 1872ರಲ್ಲಿ ಪೇಟೆಂಟ್ ಪಡೆದ ಈ ವ್ಯಾಸಲೀನ್ ಚರ್ಮದಿಂದ ಆವಿಯಾಗುವ ನೀರನ್ನು ಬಹುಪಾಲು ತಡೆಯುತ್ತದೆ, ಬೆಲೆಯೂ ಕಡಿಮೆ. ಅದರ ದೋಷ ಅಂಟು. ಹಗಲು ಧೂಳು ಮೆತ್ತುತ್ತದೆ, ಬಟ್ಟೆಗೆ ಹತ್ತುತ್ತದೆ. ಆದ್ದರಿಂದ ರಾತ್ರಿಗೆ, ಅದರಲ್ಲೂ ಕಾಲು, ಕೈ, ತುಟಿಗೆ ಸೂಕ್ತ. ಹಗಲಿಗೆ ಎರಡೂ ಗುಣ ಬೆರೆತ ಕ್ರೀಮು ಅನುಕೂಲ. ನೀರು ನೀರಾಗಿರುವ ಲೋಷನ್‌ಗಿಂತ ಗಟ್ಟಿಯಾದ ಕ್ರೀಮು ಹೆಚ್ಚು ಹೊತ್ತು ನಿಲ್ಲುತ್ತದೆ. ಸುವಾಸನೆ ಇಲ್ಲದ್ದಾದರೆ ಒಡೆದ ಚರ್ಮಕ್ಕೆ ಉರಿ ಕಡಿಮೆ.

ಅಡುಗೆಮನೆಯ ಎಣ್ಣೆಗಳಲ್ಲೂ ಭೇದವಿದೆ. 2004ರಲ್ಲಿ ಫಿಲಿಪೀನ್ಸ್‌ನಲ್ಲಿ ಒಣಚರ್ಮದ 34 ಜನರ ಕಾಲಿಗೆ ಎರಡು ವಾರ ಕೊಬ್ಬರಿ ಎಣ್ಣೆ ಅಥವಾ ಖನಿಜ ತೈಲ ಹಚ್ಚಿ ನೋಡಲಾಯಿತು. ಗುಣದಲ್ಲಿ ಎರಡೂ ಸಮ ಎಂದು ಕಂಡಿತು. ಸೂರ್ಯಕಾಂತಿ ಎಣ್ಣೆಯಲ್ಲಿ ಹೇರಳವಾಗಿರುವ ಲಿನೋಲಿಕ್ ಆಮ್ಲ ಚರ್ಮದ ಸ್ವಂತ ಜಿಡ್ಡಿಗೆ ಬೇಕಾದ ಸಾಮಗ್ರಿ. ಢಾಕಾದ ಆಸ್ಪತ್ರೆಯೊಂದರಲ್ಲಿ ಅವಧಿಗೆ ಮುನ್ನ ಹುಟ್ಟಿದ ಶಿಶುಗಳಿಗೆ ಅದನ್ನು ಸವರಿದಾಗ ಸೋಂಕು ಕಡಿಮೆಯಾದದ್ದು 2005ರಲ್ಲಿ ವರದಿಯಾಯಿತು. ಒಣಗಾಳಿಯ ಕಾಟ ಹೆಚ್ಚಿರುವ ರಾಯಚೂರು, ಕೊಪ್ಪಳ, ಬಾಗಲಕೋಟೆಯ ಕಡೆಯೇ ಈ ಬೆಳೆಯೂ ಇರುವುದರಿಂದ ಇದಕ್ಕಾಗಿ ದೂರ ಹುಡುಕಬೇಕಿಲ್ಲ. ಆಲಿವ್ ಎಣ್ಣೆಗೆ ಇರುವ ಹೆಸರು ಮಾತ್ರ ಅದರ ಯೋಗ್ಯತೆಗೆ ಮೀರಿದ್ದು: 2013ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನ ಸಂಶೋಧಕರು ಅದನ್ನು ಕೆಲವು ವಾರ ಹಚ್ಚಿಸಿ ನೋಡಿದಾಗ ಚರ್ಮದ ತಡೆ ಸಡಿಲವಾಯಿತು. ಸಾಸಿವೆ ಎಣ್ಣೆಯೂ ಕೆಲವರ ಚರ್ಮವನ್ನು ಕೆರಳಿಸುತ್ತದೆ, ಎಳೆಮಕ್ಕಳಿಗೆ ಬೇಡ.

ಉತ್ತರ ಕನ್ನಡ, ಮಲೆನಾಡಿನ ಮನೆಗಳಲ್ಲಿ ಇದಕ್ಕೆಲ್ಲ ಬೇರೆಯೇ ಉತ್ತರವಿದೆ: ಮುರುಗಲು ತುಪ್ಪ. ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುವ ಹಣ್ಣೇ ಮುರುಗಲು. ಹಣ್ಣಿನ ಸಿಪ್ಪೆಯನ್ನು ಸಾರಿಗೂ ಪಾನಕಕ್ಕೂ ಒಣಗಿಸಿಟ್ಟ ಮೇಲೆ ಉಳಿದ ಬೀಜವನ್ನು ಒಣಗಿಸಿ, ಕುಟ್ಟಿ, ನೀರಿನಲ್ಲಿ ಕುದಿಸುತ್ತಾರೆ. ಮೇಲೆ ತೇಲುವ ಕೊಬ್ಬನ್ನು ತೆಗೆದು ಆರಿಸಿದರೆ ಬಿಳಿಯ ಗಟ್ಟಿ ಉಂಡೆ. ಸ್ಟಿಯರಿಕ್ ಆಮ್ಲ ಹೆಚ್ಚಿರುವುದರಿಂದ ಸುಮಾರು 40 ಡಿಗ್ರಿಯವರೆಗೆ ಅದು ಕರಗಿ ಹರಿಯುವುದಿಲ್ಲ. ಬಿರುಕಿಗೆ ತುಂಬಿದರೆ ಎಣ್ಣೆಯಂತೆ ಜಾರಿಹೋಗದೆ ಅಲ್ಲೇ ಕೂರುತ್ತದೆ. ಈಗ ಕೋಕಂ ಬಟರ್ ಎಂಬ ಹೆಸರಿನಲ್ಲಿ ದುಬಾರಿ ಸೌಂದರ್ಯವರ್ಧಕಗಳಲ್ಲಿ ಸೇರುತ್ತಿರುವುದು ಇದೇ ತುಪ್ಪ.

ಏನು ಹಚ್ಚಿದರೂ ಸಾಲದಷ್ಟು ಹಚ್ಚುವುದೇ ಸಾಮಾನ್ಯ ತಪ್ಪು. ದೊಡ್ಡವರ ತೋರುಬೆರಳಿನ ತುದಿಯ ಗೆಣ್ಣಿನಷ್ಟು ಉದ್ದಕ್ಕೆ ಹಿಂಡಿದ ಕ್ರೀಮು ಸುಮಾರು ಅರ್ಧ ಗ್ರಾಂ. ಅದು ಎರಡು ಹಸ್ತದಷ್ಟು ಜಾಗಕ್ಕೆ ಸಾಕು. ಈ ಲೆಕ್ಕದಲ್ಲಿ ಇಡೀ ಮೈಗೆ ಒಂದು ಸಲಕ್ಕೆ 20 ಗ್ರಾಂ ಬೇಕು. ದಿನಕ್ಕೆರಡು ಸಲ ಹಚ್ಚಿದರೆ 200 ಗ್ರಾಂ ಡಬ್ಬಿ ಐದು ದಿನಕ್ಕೆ ಖಾಲಿ. ಸಾವಿರ ರೂಪಾಯಿಯ ಪುಟ್ಟ ಸೀಸೆಯನ್ನು ತಿಂಗಳುಗಟ್ಟಲೆ ಎಳೆಯುವುದಕ್ಕಿಂತ ಅಗ್ಗದ ದೊಡ್ಡ ಡಬ್ಬಿಯನ್ನು ಧಾರಾಳವಾಗಿ ಬಳಸುವುದು ಮೇಲು.

ಒಡೆದ ಹಿಮ್ಮಡಿಗೆ ಇನ್ನೊಂದಿಷ್ಟು ಉಪಚಾರ ಬೇಕು. ರಾತ್ರಿ ಪಾದಗಳನ್ನು ಹತ್ತು ಹದಿನೈದು ನಿಮಿಷ ಉಗುರು ಬೆಚ್ಚಗಿನ ನೀರಿನಲ್ಲಿಟ್ಟು, ಮೆತ್ತಗಾದ ಜಡ್ಡನ್ನು ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ತಿಕ್ಕಿ ತೆಗೆದು, ಒರೆಸಿ, ಕೂಡಲೇ ವ್ಯಾಸಲೀನ್ ಅಥವಾ ಮುರುಗಲು ತುಪ್ಪ ತುಂಬಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಬೇಕು. ಜಡ್ಡು ತೀರಾ ದಪ್ಪವಿದ್ದರೆ 20–25 ಶೇಕಡಾ ಯೂರಿಯಾ ಇರುವ ಮುಲಾಮು ಅದನ್ನು ಸಡಿಲಿಸುತ್ತದೆ. ಮೈಯ ಉಳಿದ ಭಾಗಕ್ಕೆ 10 ಶೇಕಡಾ ಸಾಕು. ರಕ್ತ ಜಿನುಗುವ ಸೀಳಿಗೆ ಯೂರಿಯಾ ಉರಿಯುತ್ತದೆ, ಮೊದಲು ಅದು ಕೂಡಿಕೊಳ್ಳಲಿ. ಬ್ಲೇಡಿನಿಂದ ಜಡ್ಡು ಕೊಯ್ಯುವ ಅಭ್ಯಾಸ ಸೋಂಕಿಗೆ ದಾರಿ. ಹಿಂಭಾಗ ತೆರೆದ ಚಪ್ಪಲಿಯಲ್ಲಿ ಹಿಮ್ಮಡಿಯ ಮಾಂಸ ಪಕ್ಕಕ್ಕೆ ಹರಡಿ ಬಿರುಕು ಅಗಲವಾಗುವುದರಿಂದ ಈ ಕಾಲದಲ್ಲಿ ಮುಚ್ಚಿದ ಪಾದರಕ್ಷೆ ಒಳ್ಳೆಯದು.

ಹೆಚ್ಚು ನೀರು ಕುಡಿದರೆ ಚರ್ಮ ಹೊಳೆಯುತ್ತದೆ ಎಂಬ ಮಾತಿಗೆ ಗಟ್ಟಿ ಆಧಾರವಿಲ್ಲ. ನಿರ್ಜಲೀಕರಣ ಆಗದವರಲ್ಲಿ ಕುಡಿದ ಹೆಚ್ಚುವರಿ ನೀರು ಮೂತ್ರಕ್ಕೇ ಹೋಗುತ್ತದೆ. ಸಂಕ್ರಾಂತಿಯ ಎಳ್ಳು, ಕೊಬ್ಬರಿ, ಕಡಲೆಬೀಜದ ಕೊಬ್ಬು ದೇಹಕ್ಕೆ ಬೇಕಾದದ್ದೇ, ಆದರೆ ಒಡೆದ ಕಾಲಿಗೆ ಅದರಿಂದ ವಾಸಿಯಾಗದು. ಒಲೆಯ ಮುಂದೆ ಕಾಲು ಚಾಚಿ ಕೂತು ಬೆಂಕಿ ಕಾಯಿಸುವುದರಿಂದ ಮುಂಗಾಲಿನ ಚರ್ಮ ಮತ್ತಷ್ಟು ಒಣಗುತ್ತದೆ, ವರ್ಷಾನುಗಟ್ಟಲೆ ಹಾಗೆ ಮಾಡಿದರೆ ಬಲೆಯಂಥ ಕಪ್ಪು ಕಲೆ ಉಳಿಯುತ್ತದೆ. ಎಣ್ಣೆ, ವ್ಯಾಸಲೀನ್ ಹೀರಿಕೊಂಡ ಬಟ್ಟೆಗೆ ಕಿಡಿ ತಾಗಿದರೆ ಬೇಗ ಹತ್ತಿಕೊಳ್ಳುತ್ತದೆಂಬುದನ್ನೂ ಗಮನದಲ್ಲಿಡಬೇಕು.

ಹೀಗೆ ಎರಡು ವಾರ ನೋಡಿಕೊಂಡರೂ ಇಳಿಯದ ತುರಿಕೆಯ ಹಿಂದೆ ಬೇರೇನೋ ಇರಬಹುದು. ರಾತ್ರಿ ಹೆಚ್ಚಾಗುವ, ಬೆರಳ ಸಂದಿಯಲ್ಲಿ ಶುರುವಾಗುವ, ಮನೆಮಂದಿಗೆಲ್ಲ ಹರಡುವ ತುರಿಕೆ ಕಜ್ಜಿಯದು. ಅದಕ್ಕೆ ಕಾರಣ ಚರ್ಮದೊಳಗೆ ಕೊರೆಯುವ ಸಣ್ಣ ನುಸಿ, ಮದ್ದೂ ಬೇರೆ, ಎಲ್ಲರೂ ಒಟ್ಟಿಗೆ ಹಚ್ಚಿಕೊಳ್ಳಬೇಕು. ಮೊಣಕೈ, ಮೊಣಕಾಲ ಮಡಿಕೆಯಲ್ಲಿ ಕೆಂಪಾಗಿ ರಸ ಒಸರಿದರೆ ಇಸುಬು. ಥೈರಾಯ್ಡ್ ಕುಂದಿದವರಲ್ಲಿ, ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ಒಣತನ ಜಾಸ್ತಿ. ವಯಸ್ಸಾದವರ ಮುಂಗಾಲಿನ ಚರ್ಮ ಒಣಗಿದ ಕೆರೆಯಂಗಳದ ಹಾಗೆ ಬಿರುಕುಬಿಟ್ಟು ಕೆಂಪಾಗಿದ್ದರೆ ಕೆಲವು ದಿನ ಸ್ಟೀರಾಯ್ಡ್ ಮುಲಾಮು ಬೇಕಾಗಬಹುದು, ಅದನ್ನು ವೈದ್ಯರೇ ಬರೆದುಕೊಡಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವ, ಸ್ಟೀರಾಯ್ಡ್ ಬೆರೆತ ಟ್ಯೂಬುಗಳು ಎರಡು ದಿನ ತುರಿಕೆ ಅಡಗಿಸಿ, ಮುಂದೆ ಚರ್ಮವನ್ನು ಇನ್ನಷ್ಟು ತೆಳುಮಾಡುತ್ತವೆ. ಹುಳುಕಡ್ಡಿ ಇದ್ದರೆ ಅದನ್ನು ಮೈತುಂಬ ಹಬ್ಬಿಸುತ್ತವೆ. ಎಲ್ಲರಿಗಿಂತ ಹೆಚ್ಚು ಎಚ್ಚರ ಬೇಕಾದವರು ಸಕ್ಕರೆ ಕಾಯಿಲೆಯವರು. ನರಗಳ ದೌರ್ಬಲ್ಯದಿಂದ ಅವರ ಪಾದ ಬೆವರುವುದು ಕಡಿಮೆ, ಒಡೆದರೆ ನೋವೂ ತಿಳಿಯುವುದಿಲ್ಲ. ದಿನಕ್ಕೊಮ್ಮೆ ಕಾಲನ್ನು ಎತ್ತಿ ಬೆಳಕಿನಲ್ಲಿ ನೋಡಿಕೊಳ್ಳಬೇಕು. ಕ್ರೀಮನ್ನು ಹಿಮ್ಮಡಿಗೆ ಹಚ್ಚಬಹುದು, ಬೆರಳ ಸಂದಿಗೆ ಬೇಡ. ಅಲ್ಲಿ ತೇವ ನಿಂತರೆ ಬೂಷ್ಟು ಸೋಂಕು ಬರುತ್ತದೆ. ಬಿರುಕಿನ ಸುತ್ತ ಕೆಂಪು, ಬಿಸಿ, ಕೀವು ಕಂಡರೆ ಮನೆಮದ್ದಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು.